ಎರಡು ಕ್ಯಾಮೆರಾಗಳ ಕ್ಯಾಪ್ಟನ್ ಲಿನೇಯಸ್ ಟ್ರೈಪ್

ಲಿಂಗದಹಳ್ಳಿ: ಇಲ್ಲಿಂದ ಕಲ್ಲತ್ತಿಗಿರಿಯ ಮೂಲಕ ಕೆಮ್ಮಣ್ಣುಗುಂಡಿಗೆ ಏರುವ ಛಾಯಾಗ್ರಾಹಕರ ಹೆಗಲಲ್ಲಿ ಸಾಮಾನ್ಯವಾಗಿ ಎರಡು ಚೀಲಗಳಿರುತ್ತವೆ. ಭದ್ರಾ ಕಾಡಂಚಿನ ಹಕ್ಕಿಗೆ ಉದ್ದನೆಯ ಲೆನ್ಸ್ ಬೇಕು. ಅದೇ ದಿನ ತರೀಕೆರೆಯ ಅಮೃತಾಪುರಕ್ಕೆ ಇಳಿದರೆ, 1196ರ ಅಮೃತೇಶ್ವರ ದೇಗುಲದ ಹೊಳೆಯುವ ಕಂಬಸಾಲು ಆ ಲೆನ್ಸಿನಲ್ಲಿ ಅರೆಪಾಲೂ ಹಿಡಿಸದು. ಒಂದೇ ಕ್ಯಾಮೆರಾ ಎಲ್ಲ ಕೆಲಸಕ್ಕೂ ಒದಗದು ಎಂಬ ಈ ತಾಪತ್ರಯ ಡಿಜಿಟಲ್ ಯುಗದ ಕೊಡುಗೆಯೇನಲ್ಲ. ಸುಮಾರು 170 ವರ್ಷಗಳ ಹಿಂದೆ ಇದೇ ಹೊಯ್ಸಳ ಸೀಮೆಯ ಬೇಲೂರು, ಹಳೇಬೀಡುಗಳಿಂದ ಭಾರತದ ಚಿತ್ರಯಾತ್ರೆ ಆರಂಭಿಸಿದ ಸೇನಾಧಿಕಾರಿಯೊಬ್ಬ ಮುಂದೆ ಎರಡು ಬಗೆಯ ಕ್ಯಾಮೆರಾಗಳನ್ನು ಎತ್ತಿನ ಗಾಡಿಗೆ ಹೇರಿಕೊಂಡು ದಕ್ಷಿಣ ಭಾರತ ಸುತ್ತಿದ. ಆತನೇ ಕ್ಯಾಪ್ಟನ್ ಲಿನೇಯಸ್ ಟ್ರೈಪ್.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಡಗುಕಟ್ಟೆ ಪಟ್ಟಣ ಡೆವನ್‌ಪೋರ್ಟ್‌ನಲ್ಲಿ 1822ರ ಏಪ್ರಿಲ್ 14ರಂದು ಟ್ರೈಪ್ ಜನಿಸಿದರು. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆ ಸೇರಿ, 12ನೇ ಮದರಾಸು ದೇಶೀಯ ಕಾಲಾಳು ಪಡೆಯಲ್ಲಿ ಸೇವೆ ಸಲ್ಲಿಸಿದರು. 1850ರ ದಶಕದ ಆರಂಭದಲ್ಲಿ ರಜೆಯ ಮೇಲೆ ತವರಿಗೆ ಮರಳಿದಾಗ ಅನಾರೋಗ್ಯದಿಂದಾಗಿ ರಜೆ ಲಂಬಿಸಿತು. ಆ ಬಿಡುವಿನಲ್ಲಿ ಅಂಟಿಕೊಂಡದ್ದು ಛಾಯಾಗ್ರಹಣದ ಗೀಳು. ಊರಿನ ಹಡಗುಕಟ್ಟೆಯಲ್ಲಿ ದುರಸ್ತಿಗೆ ನಿಂತಿದ್ದ ಹಡಗುಗಳೇ ಮೊದಲ ಪಾಠಗಳಾದವು. 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯರಾದ ಟ್ರೈಪ್, ಮರುವರ್ಷ ಜೂನ್‌ನಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹಿಂತಿರುಗಿದರು. ಮೈಸೂರು ಸಂಸ್ಥಾನ ಆಗ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿತ್ತು.

ಆ ಕಾಲದ ಛಾಯಾಗ್ರಾಹಕನಿಗೆ ಮೊದಲು ಎದುರಾಗುತ್ತಿದ್ದುದು ಕಾಗದವೋ ಗಾಜೋ ಎಂಬ ಪ್ರಶ್ನೆ. 1851ರಲ್ಲಿ ಎರಡು ವಿಧಾನಗಳು ಬೆಳಕಿಗೆ ಬಂದಿದ್ದವು. ಫ್ರಾನ್ಸಿನ ಗುಸ್ತಾವ್ ಲಗ್ರೇ ಮೇಣ ಸವರಿದ ಕಾಗದದ ನೆಗೆಟಿವ್ ರೂಪಿಸಿದರೆ, ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಬಳಿಯುವ ಕ್ರಮ ಪ್ರಕಟಿಸಿದರು. ಗಾಜಿನ ಚಿತ್ರ ಕನ್ನಡಿಯಂತೆ ಸ್ಪಷ್ಟ. ಆದರೆ ಬಳಿದ ದ್ರವ ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ನಮ್ಮ ಬಿಸಿಲಿನಲ್ಲಿ ಆ ಕೆಲವೇ ನಿಮಿಷಗಳೂ ಸಿಗುತ್ತಿರಲಿಲ್ಲ. ಕತ್ತಲೆಯ ಡೇರೆಯನ್ನು ಹೋದಲ್ಲೆಲ್ಲ ಹೂಡಬೇಕಿತ್ತು. ಮೇಣದ ಕಾಗದವನ್ನಾದರೋ ದಿನಗಳ ಮೊದಲೇ ಸಿದ್ಧಪಡಿಸಿಟ್ಟು, ಚಿತ್ರ ತೆಗೆದ ಮೇಲೂ ಸಾವಕಾಶವಾಗಿ ಸಂಸ್ಕರಿಸಬಹುದಿತ್ತು. ಒಡೆಯುವ ಭಯವಿಲ್ಲ, ಭಾರವೂ ಕಡಿಮೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ದೀರ್ಘ ಸಮಯದ ಬೆಳಕು ಮತ್ತು ಕಾಗದದ ನಾರಿನಿಂದ ತುಸು ಮಾಸುವ ಅಂಚುಗಳು. ಬೆಂಗಳೂರಿನಿಂದ ದೂರದ ಹಳ್ಳಿಗಳಿಗೆ ಹೊರಟವರಿಗೆ ಆ ಬೆಲೆ ದುಬಾರಿಯೆನಿಸಲಿಲ್ಲ.

1854ರ ಡಿಸೆಂಬರ್‌ನಲ್ಲಿ, ಇನ್ನೊಬ್ಬ ಹವ್ಯಾಸಿ ಛಾಯಾಗ್ರಾಹಕ ಡಾ. ಆಂಡ್ರ್ಯೂ ನೀಲ್ ಅವರ ಜೊತೆ ಟ್ರೈಪ್ ಬೇಲೂರು ಮತ್ತು ಹಳೇಬೀಡಿಗೆ ಬಂದರು. ಲೆನ್ಸಿನ ಕಷ್ಟ ಅರಿವಾಗಲು ಹೊಯ್ಸಳ ಗುಡಿಗಿಂತ ಒಳ್ಳೆಯ ಶಾಲೆ ಬೇರೆ ಸಿಗಲಾರದು. 1840ರಲ್ಲಿ ಯೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಭಾವಚಿತ್ರದ ಲೆನ್ಸ್ ಬಹಳ ಬೆಳಕು ಒಳಬಿಡುತ್ತಿತ್ತಾದರೂ ಚಿತ್ರದ ನಡುಭಾಗ ಮಾತ್ರ ನಿಚ್ಚಳವಾಗಿ, ಅಂಚುಗಳು ಕದಡಿಹೋಗುತ್ತಿದ್ದವು. ನೋಟಚಿತ್ರಗಳಿಗೆಂದೇ ಇದ್ದ ಸರಳ ಲೆನ್ಸ್ ಅಗಲವಾದ ನೋಟವನ್ನು ಹಿಡಿಯುತ್ತಿತ್ತು, ಆದರೆ ನಿಧಾನ. ಸಾಲದ್ದಕ್ಕೆ, ಅಂಚಿನಲ್ಲಿರುವ ನೇರ ಗೆರೆಗಳನ್ನು ಹೊರಕ್ಕೆ ಬಾಗಿಸುತ್ತಿತ್ತು. ಬೆಟ್ಟ, ಮರಗಳ ಚಿತ್ರದಲ್ಲಿ ಈ ಬಾಗು ಕಣ್ಣಿಗೆ ಬೀಳದು. ನಕ್ಷತ್ರಾಕಾರದ ಜಗತಿ, ಪಟ್ಟಿಪಟ್ಟಿಯಾಗಿ ಓಡುವ ಆನೆ, ಕುದುರೆಗಳ ಸಾಲುಗಳುಳ್ಳ ಹೊಯ್ಸಳೇಶ್ವರ ದೇಗುಲದಲ್ಲಿ ಅದು ಮುಚ್ಚಿಡಲಾಗದ ದೋಷ. ನೇರ ಗೆರೆಯನ್ನು ನೇರವಾಗಿಯೇ ಉಳಿಸುವ ಜೋಡಿ ಲೆನ್ಸುಗಳು ಡಾಲ್‌ಮೇಯರ್ ಮತ್ತು ಸ್ಟೈನ್‌ಹೈಲ್ ಅವರಿಂದ ಬಂದದ್ದು 1866ರಲ್ಲಿ. ಅಲ್ಲಿಯವರೆಗೆ ಕ್ಯಾಮೆರಾ ನಿಲ್ಲಿಸುವ ಜಾಗವನ್ನು ವಿವೇಕದಿಂದ ಆರಿಸುವುದೊಂದೇ ಮದ್ದು. ಟ್ರೈಪ್ ಅವರ ಹೆಚ್ಚಿನ ಚಿತ್ರಗಳಲ್ಲಿ ಕಾಣುವ ಅಳತೆಗೋಲಿಟ್ಟಂಥ ಶಿಸ್ತಿಗೆ ಸೈನಿಕ ಸ್ವಭಾವದಷ್ಟೇ ಈ ಅನಿವಾರ್ಯವೂ ಕಾರಣವಿರಬೇಕು.

ಫಲ ಬೇಗನೆ ದೊರೆಯಿತು. 1855ರ ಫೆಬ್ರವರಿಯಲ್ಲಿ ನಡೆದ ಮದರಾಸು ಪ್ರದರ್ಶನದಲ್ಲಿ ಅವರ 68 ಚಿತ್ರಗಳು ತೂಗಿದವು. ಕಾಗದದ ಮೇಲಿನ ನೋಟಚಿತ್ರಗಳಲ್ಲಿ ಅವೇ ಶ್ರೇಷ್ಠವೆಂದು ತೀರ್ಪುಗಾರರು ಮನ್ನಣೆ ನೀಡಿದರು. ಅದೇ ವರ್ಷ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ಆವಾ ರಾಜನ ಬಳಿಗೆ ಆರ್ಥರ್ ಫೇಯ್ರ್ ನೇತೃತ್ವದಲ್ಲಿ ಕಳುಹಿದ ನಿಯೋಗದಲ್ಲಿ ಟ್ರೈಪ್ ಅಧಿಕೃತ ಛಾಯಾಗ್ರಾಹಕರಾದರು. ಮಳೆ, ಕಾಯಿಲೆಗಳ ನಡುವೆಯೂ 200ಕ್ಕೂ ಮಿಕ್ಕಿ ಕಾಗದದ ನೆಗೆಟಿವ್‌ಗಳೊಂದಿಗೆ ಬೆಂಗಳೂರಿಗೆ ಮರಳಿದರು. ಅವುಗಳಿಂದ ಆಯ್ದ 120 ಚಿತ್ರಗಳ 50 ಸಂಪುಟಗಳನ್ನು, ಅಂದರೆ 6,000 ಪ್ರತಿಗಳನ್ನು, ಬಿಸಿಲಿಗೊಡ್ಡಿ ಒಂದೊಂದಾಗಿ ಮುದ್ರಿಸಿದ್ದು ಬೆಂಗಳೂರಿನಲ್ಲಿಯೇ ಎಂಬುದನ್ನು ನಮ್ಮ ನಗರೇತಿಹಾಸಕಾರರು ಅಷ್ಟಾಗಿ ನೆನೆಯುವುದಿಲ್ಲ.

ಪುರಾತನ ಕಟ್ಟಡಗಳ ದಾಖಲೆಗೆ ಚಿತ್ರಕಾರರ ಬದಲು ಛಾಯಾಗ್ರಹಣವನ್ನೇ ಬಳಸುವುದು ಮೇಲೆಂದು ಕಂಪನಿಯ ನಿರ್ದೇಶಕರು 1855ರಲ್ಲಿ ಸೂಚಿಸಿದ್ದರು. ಆ ಧೋರಣೆಯ ಫಲವಾಗಿ 1856ರಲ್ಲಿ ಟ್ರೈಪ್ ಮದರಾಸು ಪ್ರಾಂತ್ಯದ ಸರಕಾರಿ ಛಾಯಾಗ್ರಾಹಕರಾಗಿ ನೇಮಕಗೊಂಡರು. 1857ರ ಡಿಸೆಂಬರ್‌ನಲ್ಲಿ ಹೊರಟು ಸುಮಾರು ನಾಲ್ಕೂವರೆ ತಿಂಗಳಲ್ಲಿ ರಾಯಕೋಟೆ, ಶ್ರೀರಂಗ, ತಿರುಚಿನಾಪಳ್ಳಿ, ಪುದುಕೋಟೆ, ಮಧುರೆ, ತಂಜಾವೂರುಗಳನ್ನು ಸುತ್ತಿದರು. ಈ ಪ್ರವಾಸದಲ್ಲೇ ಎರಡು ಕ್ಯಾಮೆರಾ ಪದ್ಧತಿಗಳು ಜೊತೆಜೊತೆಯಾಗಿ ದುಡಿದವು.

ಎರಡೇಕೆ ಎಂಬುದಕ್ಕೆ ಉತ್ತರ ಸರಳ. ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಸುಲಭ ಉಪಾಯ ಅಂದಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪ್ರತಿಯೂ ಅಷ್ಟೇ ದೊಡ್ಡದು. ಸರಕಾರದ ಸಂಪುಟಗಳಿಗೆ ಶಿಲ್ಪದ ವಿವರ ಕಾಣುವಂಥ ದೊಡ್ಡ ಚಿತ್ರ ಬೇಕಾದ್ದರಿಂದ ಸುಮಾರು 12ಕ್ಕೆ 15 ಅಂಗುಲದ ನೆಗೆಟಿವ್ ಹಿಡಿಸುವ ಪೆಟ್ಟಿಗೆಯೇ ಆಗಬೇಕಿತ್ತು. ಆ ಚೌಕಟ್ಟಿನ ಕರ್ಣ 19 ಅಂಗುಲ. ಕಣ್ಣಿಗೆ ಸಹಜವೆನಿಸುವ ನೋಟಕ್ಕೆ ಲೆನ್ಸಿನ ಸಂಗಮದೂರವೂ ಹೆಚ್ಚುಕಡಿಮೆ ಅಷ್ಟೇ ಇರಬೇಕಾಗುತ್ತದೆ. ಲೆನ್ಸ್ ಇಷ್ಟು ಉದ್ದವಾದರೆ ಹತ್ತಿರದ ಕಂಬ ಸ್ಪಷ್ಟವಾದಾಗ ದೂರದ ಗೋಪುರ ಮಸುಕಾಗುತ್ತದೆ. ಎರಡನ್ನೂ ಸ್ಪಷ್ಟಗೊಳಿಸಲು ಲೆನ್ಸಿನ ಕಂಡಿಯನ್ನು ಕಿರಿದುಗೊಳಿಸಬೇಕು, ಕಂಡಿ ಕಿರಿದಾದಷ್ಟೂ ಹೆಚ್ಚು ಹೊತ್ತು ಕಾಯಬೇಕು.

ಸ್ಟೀರಿಯೋ ಕ್ಯಾಮೆರಾದ ದಾರಿಯೇ ಬೇರೆ. ಎರಡು ಕಣ್ಣುಗಳ ನಡುವಿನ ಅಂತರದಷ್ಟು, ಅಂದರೆ ಎರಡೂವರೆ ಅಂಗುಲದಷ್ಟು ಸರಿದ ಎರಡು ಪುಟ್ಟ ಚಿತ್ರಗಳನ್ನು ಜೋಡಿಸಿ ನೋಡುಪೆಟ್ಟಿಗೆಯಲ್ಲಿಟ್ಟರೆ ದೃಶ್ಯಕ್ಕೆ ಆಳ ಬರುತ್ತದೆ. 1851ರ ಲಂಡನ್ ಮಹಾಪ್ರದರ್ಶನದ ಬಳಿಕ ಯೂರೋಪಿನ ಮನೆಮನೆಗೂ ಹಬ್ಬಿದ ಹುಚ್ಚು ಇದು. ಚಿತ್ರ ಚಿಕ್ಕದಾದ್ದರಿಂದ ಲೆನ್ಸೂ ಗಿಡ್ಡ. ಗಿಡ್ಡ ಲೆನ್ಸಿಗೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟ, ಕಾಯುವ ಹೊತ್ತೂ ಕಡಿಮೆ. ನೋಡುಪೆಟ್ಟಿಗೆಯ ಭೂತಗಾಜು ಕಾಗದದ ನಾರನ್ನೂ ಹಿಗ್ಗಿಸಿ ತೋರಿಸುವುದರಿಂದ ಇಂಥ ಚಿತ್ರಕ್ಕೆ ಗಾಜಿನ ಫಲಕವೇ ಯೋಗ್ಯ. ಮಧುರೆಯ ಉದ್ದನೆಯ ಕಂಬಮಂಟಪಗಳು ದೊಡ್ಡ ಚಿತ್ರದಲ್ಲಿ ಗೋಡೆಯಂತೆ ಚಪ್ಪಟೆಯಾದರೆ, ಜೋಡಿಚಿತ್ರದಲ್ಲಿ ಒಂದರ ಹಿಂದೊಂದು ಕಂಬ ಹಿಂಜರಿಯುತ್ತ ಹೋಗುತ್ತದೆ. ಶಾಸನ, ಶಿಲ್ಪಗಳ ಅಧ್ಯಯನಕ್ಕೆ ದೊಡ್ಡ ಪೆಟ್ಟಿಗೆ, ಒಳಾಂಗಣದ ಅನುಭವಕ್ಕೆ ಚಿಕ್ಕದು. 1858ರಲ್ಲಿ ಪ್ರಕಟವಾದ ಸಂಪುಟಗಳಲ್ಲಿ ಎರಡೂ ಬಗೆಗೆ ಪ್ರತ್ಯೇಕ ಸ್ಥಾನವಿತ್ತು. ತಂಜಾವೂರಿನ ಬೃಹದೀಶ್ವರ ದೇಗುಲದ ಬುಡದ ಶಾಸನಕ್ಕಂತೂ ದೊಡ್ಡ ಪೆಟ್ಟಿಗೆಯೂ ಸಾಲದಾಯಿತು. 21 ಚಿತ್ರಗಳನ್ನು ಸೇರಿಸಿ, 19 ಅಡಿ ಉದ್ದದ ಪಟ್ಟಿಯನ್ನೇ ಅವರು ಸಿದ್ಧಪಡಿಸಿದರು.

ಕೊರತೆಗಳೂ ಇದ್ದವು. ಅಂದಿನ ರಾಸಾಯನಿಕಗಳು ನೀಲಿ ಬೆಳಕಿಗೇ ಹೆಚ್ಚು ಸ್ಪಂದಿಸುತ್ತಿದ್ದುದರಿಂದ ಆಕಾಶ ಬರಿದಾಗಿ ಬೀಳುತ್ತಿತ್ತು. ಟ್ರೈಪ್ ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದರು. ದಾಖಲೆಗೆಂದು ನೇಮಕಗೊಂಡವರಿಗೆ ಈ ಸ್ವಾತಂತ್ರ್ಯ ಎಷ್ಟು ಸಲ್ಲುತ್ತದೆ ಎಂಬುದು ಚರ್ಚಾಸ್ಪದವೇ. ಇನ್ನೊಂದು ಕೊರತೆ ಅದಕ್ಕಿಂತ ಗಂಭೀರ. ನಿಮಿಷಗಟ್ಟಲೆ ತೆರೆದಿಟ್ಟ ಲೆನ್ಸಿನೆದುರು ನಡೆದಾಡುವವರ ಗುರುತೇ ಉಳಿಯದು. ಅರ್ಚಕರು, ಭಕ್ತರು, ಹೂವಾಡಿಗರಿಂದ ಗಿಜಿಗುಡುತ್ತಿದ್ದ ಗುಡಿಗಳು ಈ ಚಿತ್ರಗಳಲ್ಲಿ ನಿರ್ಜನ ಅವಶೇಷಗಳಂತೆ ಕಾಣುತ್ತವೆ. ದಕ್ಷಿಣದ ದೇಗುಲಗಳನ್ನು ಚಿತ್ರದಲ್ಲೇ ಕಂಡ ಯೂರೋಪಿನ ಓದುಗರಿಗೆ ಅವು ಪಾಳುಬಿದ್ದವೆಂದು ತೋರಿದ್ದರೆ ಅಚ್ಚರಿಯಿಲ್ಲ.

ಈ ಕಾರ್ಯ ಹೆಚ್ಚು ಕಾಲ ನಡೆಯಲಿಲ್ಲ. 1857ರ ಬಂಡಾಯದ ವೆಚ್ಚದಿಂದ ಬೊಕ್ಕಸ ಬರಿದಾಗಿತ್ತು, ಆಡಳಿತ ಕಂಪನಿಯಿಂದ ಬ್ರಿಟಿಷ್ ರಾಣಿಯ ಕೈಗೆ ಹೋಗಿತ್ತು. 1859ರಲ್ಲಿ ಮದರಾಸಿನ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ಕಟ್ಟಾಳು. ಸರಕಾರಿ ಛಾಯಾಗ್ರಹಣ ಅವರ ಕಣ್ಣಿಗೆ ಐಷಾರಾಮವಾಗಿ ಕಂಡಿತು. 1860ರ ಹೊತ್ತಿಗೆ ಆ ವಿಭಾಗವೇ ಮುಚ್ಚಿತು. ಉಳಿಕೆಯಾದ ಹಣ ಎಷ್ಟೇ ಇರಲಿ, ಪ್ರಾಂತ್ಯದ ಇನ್ನೆಷ್ಟೋ ಗುಡಿಗಳು ಆ ದೊಡ್ಡ ಪೆಟ್ಟಿಗೆಯೆದುರು ಬರದೇ ಹೋದವು. 38ರ ಹರೆಯದ ಟ್ರೈಪ್ ಸೇನೆಯ ಕೆಲಸಕ್ಕೆ ಹಿಂತಿರುಗಿದರು. 1870ರ ಸುಮಾರಿಗೆ ಬರ್ಮಾದ ಟೌಂಗೂನಲ್ಲಿ ತೆಗೆದ ಕೆಲವನ್ನು ಬಿಟ್ಟರೆ ಮತ್ತೆ ಹೇಳಿಕೊಳ್ಳುವಂಥ ಚಿತ್ರಗಳಿಲ್ಲ.

ಹಳೇಬೀಡಿನ ಸಂಗಾತಿ ನೀಲ್ ಅವರ ಚಿತ್ರಗಳು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪ ಕುರಿತು 1866ರಲ್ಲಿ ಹೊರಬಂದ ಗ್ರಂಥದಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ ಪ್ರಕಟವಾದವು. ಟ್ರೈಪ್ ಮಾತ್ರ ಹುಟ್ಟೂರು ಡೆವನ್‌ಪೋರ್ಟ್‌ಗೆ ಮರಳಿ, 1902ರ ಮಾರ್ಚ್ 2ರಂದು ಅಲ್ಲಿಯೇ ನಿಧನರಾದರು. 2014 ಮತ್ತು 2015ರಲ್ಲಿ ಅವರ ಚಿತ್ರಗಳ ಪ್ರದರ್ಶನ ವಾಷಿಂಗ್ಟನ್, ನ್ಯೂಯಾರ್ಕ್ ಹಾಗೂ ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಒಂದಾದ ಮೇಲೊಂದರಂತೆ ನಡೆಯಿತು.