ಗಾಜಿನ ತೊಟ್ಟಿಯಲ್ಲಿ ಕಡಲನ್ನು ತುಂಬಿದವಳು

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿರುವ ಮೀನುತೊಟ್ಟಿಯಲ್ಲಿ ಗಪ್ಪಿ ಮೀನೊಂದು ಮರಿ ಹಾಕಿತು. ಗಪ್ಪಿಯು ಮೊಟ್ಟೆಯಿಡುವ ಜಾತಿಯದಲ್ಲ, ಜೀವಂತ ಮರಿಗಳನ್ನೇ ಹೆರುತ್ತದೆ. ಎರಡು ದಿನಗಳಲ್ಲಿ ಮರಿಗಳೆಲ್ಲ ಕಾಣದಾದವು. ದೊಡ್ಡ ಮೀನುಗಳು ನುಂಗಿರಬೇಕೆಂದು ನಾವು ಆಸೆ ಬಿಟ್ಟೆವು. ಆದರೆ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ತೊಟ್ಟಿಯ ಹಿಂಬದಿಯಲ್ಲಿರುವ ಶೋಧಕದ ಖಾನೆಯಲ್ಲಿ ಏನೋ ಮಿಣುಕಿದುದನ್ನು ಕಂಡಳು. ನೀರು ಒಳಸೇರುವ ಸೀಳುಗಳ ಮೂಲಕ ಮೂರು ಮರಿಗಳು ಅಲ್ಲಿಗೆ ಸೆಳೆಯಲ್ಪಟ್ಟಿದ್ದವು.

ಮೊದಲು ಪಂಪನ್ನು ನಿಲ್ಲಿಸಿದೆವು. ಬಳಿಕ ಸ್ಪಂಜನ್ನು ಮೆಲ್ಲನೆ ಎತ್ತಿ, ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟೆವು. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯಾವನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲಿಯೇ ನೆಲೆಸಿರುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ಅವುಗಳಿಗೆ ವಿಷ. ಅನಂತರ ಚಹದ ಲೋಟವೊಂದನ್ನು ಇಳಿಬಿಟ್ಟು, ಮರಿಗಳನ್ನು ನೀರು ಸಮೇತ ಮೊಗೆದು ತೆಗೆದೆವು. ಅಷ್ಟು ಸಣ್ಣ ಮೀನನ್ನು ಬೆರಳಿನಿಂದ ಹಿಡಿದರೆ ಅದು ನಲುಗಿಹೋಗುತ್ತದೆ. ಸೀಳುಗಳಿಗೆ ತೆಳುವಾದ ಸ್ಪಂಜನ್ನು ಕಟ್ಟಿದ ಮೇಲೆ ಆ ಅಪಾಯ ತಪ್ಪಿತು. ಆ ಹೊತ್ತಿಗೆ ಅದೇ ಹುಡುಗಿ, ನೀರಿನ ಜೀವಿಗಳನ್ನು ಗಾಜಿನೊಳಗೆ ಇಡಬೇಕೆಂದು ಮೊದಲು ಯಾರಿಗೆ ತೋಚಿತು ಎಂದು ಕೇಳಿದಳು. ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುವುದಾಗಿ ಮಾತು ಕೊಟ್ಟಿದ್ದೆವು.

ಚೀನಾ ದೇಶದಲ್ಲಿ ಹೊನ್ನಮೀನನ್ನು ಅಂದಕ್ಕಾಗಿ ಪಾತ್ರೆಗಳಲ್ಲಿ ಸಾಕುವ ವಾಡಿಕೆ ಬಹು ಹಳೆಯದು. ಆದರೆ ಕಡಲಿನ ಜೀವಿಗಳನ್ನು ಜೀವಂತವಾಗಿಟ್ಟು ಅವುಗಳ ಬಾಳನ್ನು ಅರಿಯಬೇಕೆಂಬ ಉದ್ದೇಶದಿಂದ ಗಾಜಿನ ತೊಟ್ಟಿಯನ್ನು ಕಟ್ಟಿದ ಕೀರ್ತಿ ಫ್ರಾನ್ಸಿನ ಝಾನ್ ವಿಲ್ಪ್ರೂ ಪವರ್ ಎಂಬ ಮಹಿಳೆಗೆ ಸಲ್ಲುತ್ತದೆ.

ಈಕೆ 1794ರ ಸೆಪ್ಟೆಂಬರಿನಲ್ಲಿ ಜುಯಾಕ್ ಎಂಬ ಹಳ್ಳಿಯಲ್ಲಿ ಸಾಧಾರಣ ಮನೆತನದಲ್ಲಿ ಹುಟ್ಟಿದಳು. ದೊಡ್ಡ ವಿದ್ಯೆಯೇನೂ ದೊರೆಯಲಿಲ್ಲ. ಹದಿನೆಂಟರ ಹರೆಯದಲ್ಲಿ ಬದುಕನ್ನರಸಿ ಪ್ಯಾರಿಸ್ ನಗರಕ್ಕೆ ಹೊರಟಳು. ನಡುವಿನ ದೂರ ನಾನೂರು ಕಿಲೋಮೀಟರಿಗೂ ಮಿಗಿಲು. ಅದನ್ನು ಆಕೆ ಕಾಲ್ನಡಿಗೆಯಲ್ಲಿ ಕ್ರಮಿಸಿದಳೆಂದು ಅವಳ ಚರಿತ್ರೆಕಾರರು ಬರೆಯುತ್ತಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮಕ್ಕಳೂ ಮೊಮ್ಮಕ್ಕಳೂ ಆದ ನಿಮಗೆ ಆ ನಡಿಗೆಯ ಭಾರವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಪ್ಯಾರಿಸ್ಸಿನಲ್ಲಿ ಆಕೆ ಹೊಲಿಗೆಯ ಕೆಲಸಕ್ಕೆ ಸೇರಿ ಕಸೂತಿಯಲ್ಲಿ ಹೆಸರು ಗಳಿಸಿದಳು. 1816ರಲ್ಲಿ ರಾಜಕುಮಾರಿ ಕ್ಯಾರೊಲಿನಳ ವಿವಾಹದ ಉಡುಪನ್ನು ಸಿದ್ಧಪಡಿಸಿದವಳು ಈಕೆಯೇ. ಮುಂದೆ ಜೇಮ್ಸ್ ಪವರ್ ಎಂಬ ವರ್ತಕನ ಪರಿಚಯವಾಗಿ, 1818ರಲ್ಲಿ ಸಿಸಿಲಿ ದ್ವೀಪದ ಮೆಸ್ಸೀನಾ ನಗರದಲ್ಲಿ ಅವರ ವಿವಾಹವಾಯಿತು. ಸುಮಾರು ಇಪ್ಪತ್ತೈದು ವರ್ಷ ಆಕೆ ಅಲ್ಲಿಯೇ ನೆಲೆಸಿದಳು. ಸಿರಿತನ ಬಂದ ಮೇಲೆ ಸುಮ್ಮನೆ ಕುಳಿತುಕೊಳ್ಳಬಹುದಿತ್ತು. ಆದರೆ ಆಕೆ ದ್ವೀಪವನ್ನೆಲ್ಲ ಸುತ್ತಿ ಗಿಡ, ಚಿಪ್ಪು, ಪತಂಗ, ಪಳೆಯುಳಿಕೆಗಳನ್ನು ಸಂಗ್ರಹಿಸಿದಳು. ತನಗೆ ತಾನೇ ಗುರುವಾಗಿ ನಿಸರ್ಗಶಾಸ್ತ್ರವನ್ನು ಕಲಿತಳು.

ಮೆಸ್ಸೀನಾದ ಕಡಲಿನಲ್ಲಿ ಆರ್ಗೋನಾಟ್ ಎಂಬ ಜೀವಿಯುಂಟು. ಅದು ಆಕ್ಟೋಪಸ್ಸಿನ ಬಂಧು, ಎಂಟು ಬಾಹುಗಳದು. ಹೆಣ್ಣು ಕಾಗದದಷ್ಟು ತೆಳುವಾದ ಬಿಳಿಯ ಚಿಪ್ಪಿನೊಳಗೆ ವಾಸಿಸುತ್ತದೆ. ಆ ಚಿಪ್ಪು ಅದರದೇ ಸೃಷ್ಟಿಯೋ, ಸನ್ಯಾಸಿ ಏಡಿಯಂತೆ ಬೇರೆ ಪ್ರಾಣಿಯ ಮನೆಯನ್ನು ಹೊಕ್ಕಿದೆಯೋ ಎಂಬುದು ವಿದ್ವಾಂಸರೊಳಗೆ ಬಹುಕಾಲದ ವಾದ. ಅದರ ಎರಡು ಅಗಲವಾದ ಬಾಹುಗಳು ದೋಣಿಯ ಹಾಯಿಗಳೆಂಬ ನಂಬಿಕೆಯಂತೂ ಅರಿಸ್ಟಾಟಲನ ಕಾಲದಿಂದ ಬಂದದ್ದು. ವಾದ ಮಾಡಿದವರ ಕೈಯಲ್ಲಿದ್ದುದು ಹೆಚ್ಚಾಗಿ ಸತ್ತ ಪ್ರಾಣಿ. ಬದುಕಿರುವುದನ್ನು ದಿನದಿನವೂ ನೋಡದೆ ಇದು ತೀರದೆಂದು ಝಾನ್ ಬಗೆದಳು.

1832ರಿಂದ ಆಕೆ ಮೂರು ಬಗೆಯ ತೊಟ್ಟಿಗಳನ್ನು ರಚಿಸಿದಳು. ಒಂದು ಮನೆಯೊಳಗೆ ಇಟ್ಟು ನೋಡುವ ಗಾಜಿನ ತೊಟ್ಟಿ. ಇನ್ನೊಂದು ಗಾಜಿನದೇ, ಆದರೆ ಹೊರಗೊಂದು ಪಂಜರವುಳ್ಳದ್ದು. ಅದನ್ನು ಕಡಲಿಗೆ ಇಳಿಸಿ ಬೇಕಾದಾಗ ಮೇಲಕ್ಕೆತ್ತಬಹುದಿತ್ತು. ಮೂರನೆಯದು ದೊಡ್ಡ ಪ್ರಾಣಿಗಳಿಗಾಗಿ ಕಡಲಿನಲ್ಲಿ ಲಂಗರು ಹಾಕಿ ನಿಲ್ಲಿಸಿದ ಪಂಜರ. ಈ ಮೂರನೆಯದರ ಜಾಣ್ಮೆಯನ್ನು ಗಮನಿಸಿರಿ. ಸರಳುಗಳ ನಡುವೆ ಕಡಲಿನ ನೀರು ತಾನಾಗಿ ಬಂದು ಹೋಗಬೇಕು, ಪ್ರಾಣಿ ಮಾತ್ರ ಅದರೊಡನೆ ಹೋಗಬಾರದು. ನಮ್ಮ ಶೋಧಕದ ಸೀಳು ತಪ್ಪಿದ್ದು ಇಲ್ಲಿಯೇ.

ತೊಟ್ಟಿಯ ಮುಂದೆ ಕುಳಿತು ಆಕೆ ಮೊಟ್ಟೆಯೊಡೆದ ಮರಿಗಳನ್ನು ಕಂಡಳು. ಅವುಗಳಿಗೆ ಆರಂಭದಲ್ಲಿ ಚಿಪ್ಪಿರಲಿಲ್ಲ, ಬೆಳೆದಂತೆ ತಾವೇ ಕಟ್ಟಿಕೊಂಡವು. ಬೆಳೆದ ಪ್ರಾಣಿಯ ಚಿಪ್ಪಿನ ಚೂರೊಂದನ್ನು ಮುರಿದು ನೋಡಿದಳು. ಅದು ಆ ಎರಡು ಅಗಲವಾದ ಬಾಹುಗಳನ್ನು ಮೇಲೆ ಹರಡಿ, ಅವುಗಳಿಂದ ಒಸರುವ ದ್ರವದಿಂದ ಒಡಕನ್ನು ಮುಚ್ಚಿತು. ಹಾಯಿಯೆಂದು ಜನ ನಂಬಿದ್ದುದು ಗಾರೆಯವನ ಕರಣೆಯಾಗಿತ್ತು! 1834ರಲ್ಲಿ ಕತಾನಿಯಾದ ಜ್ಯೊಯೇನಿಯಾ ವಿದ್ವತ್ಸಭೆಯ ಮುಂದೆ ಈ ಶೋಧವು ಮಂಡಿತವಾಯಿತು. ಆ ಸಭೆ ಅವಳನ್ನು ಸದಸ್ಯಳನ್ನಾಗಿ ಮಾಡಿಕೊಂಡಿತು. ಲಂಡನ್ನಿನಲ್ಲಿ ರಿಚರ್ಡ್ ಓವನ್ ಎಂಬ ಪ್ರಾಣಿಶಾಸ್ತ್ರಜ್ಞನು ಅವಳ ಪಕ್ಷ ವಹಿಸಿದನು.

ಆದರೆ 1838ರಲ್ಲಿ, ಅವಳ ಸಂಗ್ರಹಗಳನ್ನೂ ಬರಹಗಳನ್ನೂ ಹೊತ್ತು ಲಂಡನ್ನಿಗೆ ಹೊರಟಿದ್ದ ಹಡಗು ಫ್ರಾನ್ಸಿನ ಸಮೀಪ ಮುಳುಗಿತು. ವರ್ಷಗಳ ದುಡಿಮೆ ಕಡಲಿನ ಪಾಲಾಯಿತು. ಅಷ್ಟಾದರೂ ಮರುವರ್ಷವೇ ಆಕೆ ಸಿಸಿಲಿಯನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದಳು, 1842ರಲ್ಲಿ ಇನ್ನೊಂದನ್ನು. 1843ರಲ್ಲಿ ದಂಪತಿಗಳು ದ್ವೀಪವನ್ನು ಬಿಟ್ಟರು. ಆ ಮೇಲಿನ ಬಾಳು ಪ್ಯಾರಿಸ್, ಲಂಡನ್ನುಗಳಲ್ಲಿ ಕಳೆಯಿತು.

ಹತ್ತು ವರ್ಷಗಳ ತರುವಾಯ, 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಫಿಲಿಪ್ ಹೆನ್ರಿ ಗಾಸ್ ಎಂಬವನು 1854ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು. ಜನರ ನೆನಪಿನಲ್ಲಿ ಗಾಸ್ ಉಳಿದನು, ಸಿಸಿಲಿಯ ತೊಟ್ಟಿಗಳು ಮರೆತವು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

1870ರ ಚಳಿಗಾಲದಲ್ಲಿ ಪ್ರಶಿಯದ ಸೇನೆ ಪ್ಯಾರಿಸ್ ನಗರವನ್ನು ಮುತ್ತಿದಾಗ, ಆಕೆ ತನ್ನ ಹುಟ್ಟೂರಾದ ಜುಯಾಕಿಗೆ ಹಿಂದಿರುಗಿದಳು. 1871ರ ಜನವರಿಯಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅಲ್ಲಿಯೇ ಕಣ್ಣು ಮುಚ್ಚಿದಳು. 1997ರಲ್ಲಿ ಶುಕ್ರಗ್ರಹದ ಒಂದು ಕುಳಿಗೆ ಅವಳ ಹೆಸರನ್ನಿಡಲಾಯಿತು.

ನಮ್ಮ ಮೂರು ಮರಿಗಳಲ್ಲಿ ಒಂದು ಬದುಕುಳಿಯಲಿಲ್ಲ. ಉಳಿದೆರಡರಲ್ಲಿ ಒಂದರ ಬಾಲದಲ್ಲಿ ಈಗ ಕಿತ್ತಳೆಯ ಬಣ್ಣ ಮೂಡುತ್ತಿದೆ.