ಮಾರುತಿ ಎಂಜಿನ್ನಿಗೆ ರೇಸ್ ಕಲಿಸಿದ ಕರಿ

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂ ಎಂಬಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ಹೆಸರು ಕರಿ ಮೋಟರ್ ಸ್ಪೀಡ್‌ವೇ. ಉದ್ದ ಸುಮಾರು 2.1 ಕಿ.ಮೀ. ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ವೆಲ್ಡಿಂಗ್ ಮಾಡಿ, ಕಟ್ಟಿ ತಂದ ಕಾರುಗಳ ‘ಫಾರ್ಮುಲಾ ಭಾರತ್’ ಸ್ಪರ್ಧೆ ನಡೆಯುವುದು ಅಲ್ಲೇ. ಹಾಗಾಗಿ ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪ್‌ನಲ್ಲಿ ರಾತ್ರಿ ಕಳೆಯುವ ಹುಡುಗ ಹುಡುಗಿಯರಿಗೆ ಈ ಟ್ರ್ಯಾಕ್‌ನ ಹೆಸರು ಬಾಯಿಪಾಠ. ಆದರೆ ‘ಕರಿ’ ಎಂದರೆ ಯಾರು ಎಂದು ಕೇಳಿ ನೋಡಿ. ಡಾಂಬರಿನ ಕರಿಬಣ್ಣ ಇರಬೇಕು ಅನ್ನುವವರೇ ಜಾಸ್ತಿ. ಅದು ಬಣ್ಣವಲ್ಲ, ಆನೆಯೂ ಅಲ್ಲ. ಒಬ್ಬ ಮನುಷ್ಯನ ಹೆಸರಿನ ಮೊದಲ ಎರಡು ಅಕ್ಷರ. ಸುಂದರಂ ಕರಿವರ್ಧನ್. 41ನೇ ವಯಸ್ಸಿಗೇ ತೀರಿಕೊಂಡ ಈ ಮನುಷ್ಯನನ್ನು ಭಾರತೀಯ ಮೋಟರ್ ಸ್ಪೋರ್ಟ್‌ನ ಪಿತಾಮಹರ ಸಾಲಿನಲ್ಲಿ ಇಡುತ್ತಾರೆ. ನನ್ನ ಪ್ರಕಾರ ಅವರು ಅದಕ್ಕಿಂತ ಹೆಚ್ಚಾಗಿ ಒಬ್ಬ ಒಳ್ಳೆಯ ಎಂಜಿನಿಯರ್.

ಕರಿವರ್ಧನ್ ಹುಟ್ಟಿದ್ದು 1954ರಲ್ಲಿ. ಮನೆತನ ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಕುಟುಂಬ. ಜಿ. ಕುಪ್ಪುಸ್ವಾಮಿ ನಾಯ್ಡು 1910ರಲ್ಲಿ ಕಟ್ಟಿದ ಬಟ್ಟೆ ಗಿರಣಿ ಅದು. ಕೊಯಮತ್ತೂರು ಎಂದರೆ ಹತ್ತಿ ಗಿರಣಿಗಳ ಊರು ಮಾತ್ರವಲ್ಲ. ಗಿರಣಿಗೆ ಬೇಕಾದ ಯಂತ್ರ, ಆ ಯಂತ್ರಕ್ಕೆ ಬೇಕಾದ ಎರಕ, ಲೇತ್ ಕೆಲಸ, ಮೋಟರು, ಪಂಪು ಎಲ್ಲವೂ ಅಲ್ಲೇ ಬೆಳೆದವು. ನಮ್ಮ ಸೀತೂರಿನ ಕಡೆಯ ಅಡಿಕೆ ತೋಟಗಳಿಗೆ ಹೋಗಿ ಪಂಪ್‌ಸೆಟ್‌ನ ಮೇಲಿನ ಫಲಕ ಓದಿದರೆ ಎಷ್ಟೋ ಕಡೆ ಕೊಯಮತ್ತೂರಿನ ಹೆಸರೇ ಕಾಣುತ್ತದೆ. ಒಂದು ಬಿಡಿಭಾಗ ಸಿಗದಿದ್ದರೆ ಪಕ್ಕದ ಬೀದಿಯಲ್ಲಿ ಮಾಡಿಸಿಕೊಳ್ಳುವ ಅಭ್ಯಾಸ ಇರುವ ಊರು ಅದು. ಅಂಥ ಊರಿನಲ್ಲಿ, ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹುಡುಗನಿಗೆ ವೇಗದ ಹುಚ್ಚು ಹಿಡಿಯಿತು.

ಆಗ ರೇಸ್ ಎಂದರೆ ಶೋಲಾವರಂ. ಚೆನ್ನೈನ ಉತ್ತರಕ್ಕೆ, ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದಿದ್ದ ಆ ಕಾಂಕ್ರೀಟನ್ನು 1950ರ ದಶಕದಿಂದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ರೇಸಿಗೆ ಬಳಸತೊಡಗಿತು. ರನ್‌ವೇಗಳು ಕೂಡುವ ರೀತಿಯಿಂದ ಟ್ರ್ಯಾಕ್ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರಕ್ಕೆ ಬಂದಿತ್ತು. ಉದ್ದನೆಯ ನೇರ ಓಟ, ಕೊನೆಯಲ್ಲಿ ಥಟ್ಟನೆ ಬ್ರೇಕ್, ಗಿರಕಿ, ಮತ್ತೆ ನೇರ ಓಟ. ನಮ್ಮ ಘಾಟಿಯ ತಿರುವುಗಳ ಸೊಗಸು ಅಲ್ಲಿ ಇಲ್ಲ. ಆದರೆ ರೇಸ್ ನೋಡಲು ಜನಸಾಗರವೇ ಸೇರುತ್ತಿತ್ತು. 1970ರ ದಶಕದಲ್ಲಿ ಕರಿವರ್ಧನ್ ರೇಸಿಗೆ ಇಳಿದದ್ದು ಈ ಶೋಲಾವರಂನಲ್ಲೇ.

ಆ ಕಾಲದ ಭಾರತದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಎರಡೂ ಹಳೆಯ ವಿದೇಶಿ ವಿನ್ಯಾಸಗಳು, ಎರಡೂ ಭಾರ. ಹೊರದೇಶದಿಂದ ರೇಸ್ ಕಾರು ತರಿಸಬೇಕೆಂದರೆ ಪರವಾನಗಿ ಬೇಕು, ಕಣ್ಣು ಕಪ್ಪಾಗುವಷ್ಟು ಸುಂಕ ಕಟ್ಟಬೇಕು. ಕೈಯಲ್ಲಿ ಹಣವಿದ್ದ ಕೆಲವರು ತರಿಸಿದ್ದೂ ಉಂಟು. ಬೆಂಗಳೂರಿನ ವಿಜಯ್ ಮಲ್ಯ ಫಾರ್ಮುಲಾ ಒನ್‌ನಲ್ಲಿ ಓಡಿದ್ದ ‘ಎನ್‌ಸೈನ್’ ಕಾರನ್ನು ತಂದು ಶೋಲಾವರಂನಲ್ಲಿ ಓಡಿಸಿದ್ದರು. ಅಂಥ ಕಾರು ಬಂದರೆ ಜನಕ್ಕೆ ಹಬ್ಬ. ಆದರೆ ಒಂದೇ ಒಂದು ದೊಡ್ಡ ಕಾರು ಮುಂದೆ, ಉಳಿದವರೆಲ್ಲ ಎಲ್ಲೋ ಹಿಂದೆ. ಗೆದ್ದದ್ದು ಚಾಲಕನೋ ಕಾರೋ ಎಂದು ಹೇಳಲು ಬರುವುದಿಲ್ಲ. ಮರುವರ್ಷ ಹೊಸಬನೊಬ್ಬ ರೇಸಿಗೆ ಬರುವ ದಾರಿಯೂ ಅದರಿಂದ ತೆರೆಯುವುದಿಲ್ಲ.

ಈ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ವಿಚಿತ್ರ ಕಾರು ತಯಾರಾಗುತ್ತಿತ್ತು. ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ‘ಡಾಲ್ಫಿನ್’. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರಿನ ವಿನ್ಯಾಸ ಅದರ ಮೂಲ. ಎರಡೇ ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಮೈ ಮಾತ್ರ ತಗಡಿನದಲ್ಲ, ಫೈಬರ್‌ಗ್ಲಾಸ್. ಮದುವೆ ಮುಂಜಿಗೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೋಗಬೇಕಾದ ಜನಕ್ಕೆ ಎರಡು ಬಾಗಿಲಿನ ಪ್ಲಾಸ್ಟಿಕ್‌ನಂಥ ಕಾರು ರುಚಿಸಲಿಲ್ಲ. 1983ರ ಕೊನೆಗೆ ಮಾರುತಿ 800 ಬಂದ ಮೇಲಂತೂ ಡಾಲ್ಫಿನ್ ಕಥೆ ಮುಗಿದ ಹಾಗೇ ಆಯಿತು. ಆದರೆ ರಸ್ತೆಯಲ್ಲಿ ಸೋತ ಈ ಬೆಂಗಳೂರಿನ ಕಾರು ರೇಸ್ ಮತ್ತು ರ‍್ಯಾಲಿಗಳಲ್ಲಿ ಮಿಂಚಿತು. ಅದನ್ನು ರೇಸಿಗೆ ಹುರಿಗೊಳಿಸಿದವರಲ್ಲಿ ಕರಿವರ್ಧನ್ ಪ್ರಮುಖರು.

ಕಾರಣ ಸರಳ. ಮೆಕ್ಯಾನಿಕ್ಸ್‌ನ ಮೊದಲ ಪಾಠ. 40 ಅಶ್ವಶಕ್ತಿಯ ಎಂಜಿನ್ 900 ಕೆ.ಜಿ. ಎಳೆಯುವುದೇ ಬೇರೆ, 500 ಕೆ.ಜಿ. ಎಳೆಯುವುದೇ ಬೇರೆ. ತೂಕ ಇಳಿದರೆ ವೇಗ ಬೇಗ ಏರುತ್ತದೆ, ಬ್ರೇಕ್ ಬೇಗ ಹಿಡಿಯುತ್ತದೆ, ತಿರುವಿನಲ್ಲಿ ಟೈರಿನ ಮೇಲಿನ ಒತ್ತಡವೂ ಕಡಿಮೆ. ಎಂಜಿನ್ನಿನ ಶಕ್ತಿ ಹೆಚ್ಚಿಸಲು ದುಡ್ಡು ಬೇಕು, ಭಾರ ಇಳಿಸಲು ತಲೆ ಸಾಕು. ಗಿರಾಕಿ ಯಾವುದನ್ನು ಡಾಲ್ಫಿನ್‌ನ ದೋಷ ಎಂದು ಬಿಟ್ಟುಹೋದನೋ ಅದೇ ರೇಸಿನಲ್ಲಿ ಅದರ ಗುಣವಾಯಿತು.

ಇಲ್ಲಿಗೇ ನಿಂತಿದ್ದರೆ ಕರಿವರ್ಧನ್ ಒಬ್ಬ ಒಳ್ಳೆಯ ರೇಸರ್ ಆಗಿ ಉಳಿಯುತ್ತಿದ್ದರು. ಅವರನ್ನು ದೊಡ್ಡವರನ್ನಾಗಿ ಮಾಡಿದ್ದು 1980ರ ದಶಕದ ಕೊನೆಯ ಹೊತ್ತಿಗೆ ಕಟ್ಟಿದ ‘ಫಾರ್ಮುಲಾ ಮಾರುತಿ’.

ಮಾರುತಿ 800ರ ಎಂಜಿನ್ ನಮಗೆಲ್ಲ ಗೊತ್ತಿರುವುದೇ. ಮೂರು ಸಿಲಿಂಡರ್, 796 ಸಿಸಿ. ಇದೇ ಅಳತೆಯ ಎಂಜಿನ್ ಓಮ್ನಿಯಲ್ಲೂ ಇತ್ತು. ನಮ್ಮ ಕಡೆ ಅಡಿಕೆ ಮೂಟೆ, ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲರನ್ನೂ ಹೊತ್ತದ್ದು ಅದೇ. ಕೊಪ್ಪದಲ್ಲಾಗಲಿ ಎನ್.ಆರ್. ಪುರದಲ್ಲಾಗಲಿ ಅದನ್ನು ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ಸಿಗುವುದು ಕಷ್ಟ. ಕರಿವರ್ಧನ್ ಕಣ್ಣಿಟ್ಟದ್ದು ಇದರ ಮೇಲೆ. ಉಕ್ಕಿನ ಕೊಳವೆಗಳನ್ನು ಬೆಸೆದು ಒಬ್ಬರೇ ಕೂರುವ, ಚಕ್ರಗಳು ಹೊರಗೆ ಕಾಣುವ ಚೌಕಟ್ಟು ಮಾಡಿದರು. ಮೇಲೆ ಹಗುರವಾದ ಫೈಬರ್‌ಗ್ಲಾಸ್ ಹೊದಿಕೆ. ಮಾರುತಿಯಲ್ಲಿ ಮುಂದೆ ಕೂತು ಮುಂದಿನ ಚಕ್ರ ತಿರುಗಿಸುತ್ತಿದ್ದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಇಲ್ಲಿ ಚಾಲಕನ ಬೆನ್ನ ಹಿಂದೆ ಇಟ್ಟು ಹಿಂದಿನ ಚಕ್ರಕ್ಕೆ ಜೋಡಿಸಲಾಯಿತು. ನೋಡಲು ಪುಟ್ಟ ಫಾರ್ಮುಲಾ ಒನ್ ಕಾರು. ಕೆಟ್ಟರೆ ಬಿಡಿಭಾಗ ಜಿಲ್ಲಾ ಕೇಂದ್ರದ ಅಂಗಡಿಯಲ್ಲೇ ಸಿಗುತ್ತದೆ.

ಇದರಲ್ಲಿ ಎರಡು ಜಾಣತನ ಇದೆ. ಒಂದು, ಖರ್ಚು. ಬೆರಳೆಣಿಕೆಯ ಶ್ರೀಮಂತರ ಆಟ ಸ್ವಲ್ಪ ಕೆಳಗಿಳಿಯಿತು. ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಎಲ್ಲರಿಗೂ ಒಂದೇ ಬಗೆಯ ಕಾರು. ಎಲ್ಲರ ಎಂಜಿನ್ ಒಂದೇ ಆದಾಗ ಯಾರ ಅಪ್ಪನ ಹತ್ತಿರ ಎಷ್ಟಿದೆ ಎಂಬುದು ಟ್ರ್ಯಾಕ್‌ನಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಯಾರು ಬ್ರೇಕನ್ನು ತಡವಾಗಿ ಒತ್ತುತ್ತಾರೆ, ಯಾರು ತಿರುವಿನ ದಾರಿಯನ್ನು ಸರಿಯಾಗಿ ಆರಿಸುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದು ದೇಶದಲ್ಲಿ ಪ್ರತಿಭೆ ಇದೆಯೋ ಇಲ್ಲವೋ ಎಂದು ತಿಳಿಯಲು ಮೊದಲು ಅಳೆಯುವ ಕೋಲು ಬೇಕು. ಕರಿವರ್ಧನ್ ಕಟ್ಟಿದ್ದು ಆ ಕೋಲನ್ನು.

ಅವರ ಮನೆಯಲ್ಲಿ ದುಡ್ಡಿತ್ತು, ಆದ್ದರಿಂದ ಮಾಡಿದರು ಎಂದು ಯಾರಾದರೂ ಹೇಳಬಹುದು. ಅದು ನಿಜವೇ. ಗಿರಣಿ ಮಾಲೀಕರ ಮನೆಯ ಬೆಂಬಲವಿಲ್ಲದೆ ಇಷ್ಟು ಆಗುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟು ಹೇಳಿದರೆ ನಮ್ಮಂಥವರಿಗೆ ಸುಳ್ಳು ಹೇಳಿದ ಹಾಗೆ. ಇವತ್ತಿಗೂ ಮೋಟರ್ ರೇಸ್ ಬಡವರ ಕ್ರೀಡೆಯಲ್ಲ. ಆದರೆ ದುಡ್ಡಿದ್ದವರು ಆಗ ಬೇರೆಯವರೂ ಇದ್ದರು. ಅವರು ತಮಗೊಂದು ಕಾರು ತಂದುಕೊಂಡರು. ಇವರು ಬೇರೆಯವರು ತಮ್ಮನ್ನೇ ಸೋಲಿಸಬಹುದಾದ ಕಾರುಗಳನ್ನು ಕಟ್ಟಿದರು. ವ್ಯತ್ಯಾಸ ಇರುವುದು ಇಲ್ಲಿ.

ಕಾರುಗಳು ಸಿದ್ಧವಾಗುತ್ತಿದ್ದ ಹಾಗೆ ಓಡಲು ನೆಲವೂ ಬದಲಾಯಿತು. 1990ರಲ್ಲಿ ಚೆನ್ನೈ ಸಮೀಪದ ಶ್ರೀಪೆರಂಬದೂರು ಬಳಿ, ಇರುಂಗಾಟ್ಟುಕೋಟೆಯಲ್ಲಿ ರೇಸಿಗೆಂದೇ ಕಟ್ಟಿದ ಟ್ರ್ಯಾಕ್ ಆರಂಭವಾಯಿತು. ವಿಮಾನಪಟ್ಟಿಯ ಕಾಲ ಮುಗಿದು ನಿಜವಾದ ತಿರುವುಗಳ ಕಾಲ ಬಂತು. ಕೊಯಮತ್ತೂರಿನ ಒಬ್ಬ ಹುಡುಗ 1990ರ ದಶಕದ ಆರಂಭದಲ್ಲಿ ಅಲ್ಲಿ ಫಾರ್ಮುಲಾ ಮಾರುತಿ ಓಡಿಸಿ ರೇಸಿನ ಲೋಕಕ್ಕೆ ಕಾಲಿಟ್ಟ. ಅವನ ಹೆಸರು ನರೇನ್ ಕಾರ್ತಿಕೇಯನ್.

ಕರಿವರ್ಧನ್‌ಗೆ ನೆಲದ ವೇಗ ಸಾಕಾಗಲಿಲ್ಲ. ಹಾರಾಟದಲ್ಲೂ ಅಷ್ಟೇ ಆಸಕ್ತಿ ಇತ್ತು. 1995ರ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ವರ್ಷಗಟ್ಟಲೆ ರೇಸ್ ಓಡಿಸಿ ಉಳಿದಿದ್ದ ಮನುಷ್ಯ ಹೋದದ್ದು ರೇಸ್ ಟ್ರ್ಯಾಕ್‌ನಲ್ಲಿ ಅಲ್ಲ. ಅದಾಗಿ ಹತ್ತು ವರ್ಷಕ್ಕೆ, 2005ರ ಮಾರ್ಚ್‌ನಲ್ಲಿ ಕಾರ್ತಿಕೇಯನ್ ಜೋರ್ಡನ್ ತಂಡದ ಕಾರಿನಲ್ಲಿ ಮೆಲ್ಬರ್ನ್‌ನಲ್ಲಿ ಕಣಕ್ಕಿಳಿದು ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯರಾದರು. ಏಣಿಯ ಮೊದಲ ಮೆಟ್ಟಿಲು ಹಾಕಿದವರಿಗೆ ಮೇಲಿನ ಮೆಟ್ಟಿಲು ತಲುಪಿದವರನ್ನು ನೋಡುವ ಭಾಗ್ಯ ಇರಲಿಲ್ಲ.

ಅವರ ನೆನಪಿಗೆ ಪ್ರತಿಮೆ ನಿಲ್ಲಿಸುವ ಬದಲು ಅವರ ಕೆಲಸವನ್ನೇ ಮುಂದುವರಿಸಿದವರು ಬಿ. ವಿಜಯಕುಮಾರ್. ಎಲ್‌ಜಿಬಿ ಕಂಪನಿಯ ಮುಖ್ಯಸ್ಥರು, 1970–80ರ ದಶಕಗಳಲ್ಲಿ ತಾವೂ ರೇಸ್ ಓಡಿಸಿದವರು. ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಆರಂಭವಾದ ಟ್ರ್ಯಾಕ್‌ಗೆ ಗೆಳೆಯರು ಕರೆಯುತ್ತಿದ್ದ ಚಿಕ್ಕ ಹೆಸರನ್ನೇ ಇಟ್ಟರು. ಗೋ ಕಾರ್ಟ್, ಬೈಕ್, ಕಡಿಮೆ ಶಕ್ತಿಯ ಫಾರ್ಮುಲಾ ಕಾರುಗಳು, ಇವೇ ಆ ಟ್ರ್ಯಾಕ್‌ನ ಮನೆಮಕ್ಕಳು. ಎಲ್ಲರಿಗೂ ಒಂದೇ ಕಾರು ಎಂಬ ಕರಿವರ್ಧನ್ ಸೂತ್ರ ಇವತ್ತಿನ ಎಲ್‌ಜಿಬಿ ಫಾರ್ಮುಲಾ 4 ರೇಸಿನಲ್ಲೂ ಹಾಗೇ ಇದೆ.

ಇದನ್ನು ಇನ್ನೊಂದು ಟ್ರ್ಯಾಕ್ ಜೊತೆ ಇಟ್ಟು ನೋಡಿ. ದೆಹಲಿ ಬಳಿ ಗ್ರೇಟರ್ ನೊಯಿಡಾದಲ್ಲಿ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್ ಇದೆ. ಉದ್ದ 5.125 ಕಿ.ಮೀ. 2011ರಲ್ಲಿ ಅಲ್ಲಿ ಫಾರ್ಮುಲಾ ಒನ್ ನಡೆದಾಗ ಟಿ.ವಿ. ಮುಂದೆ ಕೂತು ನೋಡಿದ ಮನೆಗಳಿಗೆ ಲೆಕ್ಕವಿಲ್ಲ. 2012, 2013ರಲ್ಲೂ ನಡೆಯಿತು. ಆಮೇಲೆ ಫಾರ್ಮುಲಾ ಒನ್ ಅಲ್ಲಿಗೆ ಮರಳಲಿಲ್ಲ. ಮೇಲಿನ ಮಹಡಿಯನ್ನು ಮೊದಲು ಕಟ್ಟಿದರೆ ಹೀಗಾಗುತ್ತದೆ. ಪುಟ್ಟ ಟ್ರ್ಯಾಕ್ ತನ್ನ ಅಳತೆಗೆ ತಕ್ಕ ಕೆಲಸವನ್ನು ವರ್ಷ ವರ್ಷವೂ ಮಾಡುತ್ತಾ ಬಂದಿದೆ.

ಈ ಮಾತು ನಮ್ಮ ಮಲೆನಾಡಿನ ಹುಡುಗರಿಗೆ ಯಾಕೆ ಬೇಕು? ನಮ್ಮ ಜಿಲ್ಲೆಗೆ ವೇಗ ಹೊಸದಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿಯೇ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗೆ ಬಂದಿತ್ತು. ಧೂಳೆಬ್ಬಿಸಿ ಹೋಗುವ ಆ ಕಾರುಗಳನ್ನು ನೋಡಿದವರ ಮೈಯಲ್ಲಿ ಏನೋ ಓಡುತ್ತದೆ. ತಪ್ಪಲ್ಲ. ಆದರೆ ಆ ಆಸೆಗೆ ದಾರಿ ಸಿಗದಾಗ ಅದು ಊರ ರಸ್ತೆಗೆ ಬರುತ್ತದೆ. ಮಳೆಗೆ ಪಾಚಿ ಕಟ್ಟಿದ ತಿರುವು, ಎದುರಿಗೆ ಬಸ್ಸು, ತಲೆಗೆ ಹೆಲ್ಮೆಟ್ ಇಲ್ಲ. ಹಾಗೆ ಹೋದ ಹುಡುಗರ ಫೋಟೊ ಇರುವ ಶ್ರದ್ಧಾಂಜಲಿ ಬ್ಯಾನರ್‌ಗಳನ್ನು ಬಸ್ ನಿಲ್ದಾಣಗಳಲ್ಲಿ ನಾವೆಲ್ಲ ನೋಡಿದ್ದೇವೆ. ರೇಸ್ ಟ್ರ್ಯಾಕ್‌ನಲ್ಲಿ ಎದುರಿನಿಂದ ವಾಹನ ಬರುವುದಿಲ್ಲ. ತಿರುವಿನಲ್ಲಿ ಜಾರಿದರೆ ನಿಲ್ಲಲು ಜಾಗ ಇರುತ್ತದೆ, ಬಾವುಟ ಹಿಡಿದವರು, ಆಂಬುಲೆನ್ಸ್ ಕಾದಿರುತ್ತಾರೆ. ವೇಗಕ್ಕೊಂದು ಜಾಗ ಮಾಡಿಕೊಡುವುದೂ ಜೀವ ಉಳಿಸುವ ಕೆಲಸ.

ಚಾಲಕರಾಗಲು ನಮ್ಮಲ್ಲಿ ಹೆಚ್ಚಿನವರಿಗೆ ಆಗದಿರಬಹುದು. ಆದರೆ ಒಂದು ಕಾರಿನ ಹಿಂದೆ ಚಾಸಿ ಕಟ್ಟುವವರು, ಬ್ರೇಕಿನ ಲೆಕ್ಕ ಹಾಕುವವರು, ವೈರಿಂಗ್ ಮಾಡುವವರು, ದುಡ್ಡು ಹೊಂದಿಸುವವರು ಎಲ್ಲರೂ ಬೇಕು. ಫಾರ್ಮುಲಾ ಭಾರತ್‌ನಲ್ಲಿ ವೇಗಕ್ಕೆ ಮಾತ್ರ ಅಂಕವಿಲ್ಲ. ವಿನ್ಯಾಸವನ್ನು ತೀರ್ಪುಗಾರರ ಎದುರು ಸಮರ್ಥಿಸಬೇಕು, ಒಂದೊಂದು ಬೋಲ್ಟಿನ ಖರ್ಚನ್ನೂ ಬರೆದು ತೋರಿಸಬೇಕು. ಸುಮಾರು 22 ಕಿ.ಮೀ. ದೂರದ ಓಟದಲ್ಲಿ ಕಾರು ಕೆಡದೆ ಕೊನೆ ಮುಟ್ಟಬೇಕು, ಎಷ್ಟೋ ತಂಡಗಳು ಸೋಲುವುದು ಇಲ್ಲೇ. ಡಿಪ್ಲೊಮಾ, ಐಟಿಐ ಓದಿದವರ ಕೈಚಳಕಕ್ಕೂ ರೇಸ್ ಗ್ಯಾರೇಜಿನಲ್ಲಿ ಬೆಲೆ ಇದೆ. ಕೆಲಸ ಹುಡುಕುವಾಗ ಅಂಕಪಟ್ಟಿಯ ಪಕ್ಕದಲ್ಲಿ ಇಡಲು ಕೈಯಲ್ಲಿ ಮಾಡಿದ ಒಂದು ವಸ್ತು ಇದ್ದರೆ ಮಾತಿಗೆ ತೂಕ ಬರುತ್ತದೆ.

ನಮ್ಮ ಕಾಲೇಜುಗಳಲ್ಲಿ ಸಲಕರಣೆ ಇಲ್ಲ, ಪ್ರಾಯೋಜಕರು ಇಲ್ಲ ಎಂಬುದು ದಿನನಿತ್ಯದ ಮಾತು. ಅದು ಸುಳ್ಳಲ್ಲ. ಆದರೆ ಕರಿವರ್ಧನ್ ಕೆಲಸ ಶುರು ಮಾಡಿದ್ದು ಜನ ಬೇಡವೆಂದ ಒಂದು ಕಾರಿನಿಂದ ಮತ್ತು ಊರಿಗೆಲ್ಲ ಗೊತ್ತಿದ್ದ ಒಂದು ಎಂಜಿನ್‌ನಿಂದ. ಆ 796 ಸಿಸಿಯ ಹಳೆಯ ಎಂಜಿನ್‌ಗಳು ನಮ್ಮೂರುಗಳ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಬಿದ್ದಿವೆ. ಗುಜರಿಗೆ ಹೋಗುವ ಮೊದಲು ಒಂದನ್ನಾದರೂ ಬಿಚ್ಚಿ ನೋಡಬೇಕು.