ಮೂರನೇ ಅಂಶದ ಬೆನ್ನು ಹತ್ತಿದ ಕ್ಲೌಸ್ ಶ್ವಾರ್ಟ್ಸ್

ಹಂಪಸಾಗರಕ್ಕೆ ಹಬ್ಬಕ್ಕೆ ಹೋಗಿ ಬಂದ ನಮ್ಮ ಗೆಳೆಯನ ಬುತ್ತಿಯಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಅದೇ ರೂಮಿನಲ್ಲಿ ಜಿಮ್‌ಗೆ ಹೋಗೋ ಇನ್ನೊಬ್ಬನ ಮೇಜಿನ ಮೇಲೆ ಮಾತ್ರೆ ಡಬ್ಬಿ. ಡಬ್ಬಿ ತಿರುಗಿಸಿ ಓದಿದ್ರೆ ಸೆಲೆನಿಯಂ, ಕ್ರೋಮಿಯಂ! ಸ್ಟೇನ್‌ಲೆಸ್ ಸ್ಟೀಲ್ ಪಾಠದಲ್ಲಿ ಓದಿದ ಕ್ರೋಮಿಯಂ ಊಟಕ್ಕೆ ಹೇಗೆ ಬಂತು ಅಂತ ಹುಡುಕಿದಾಗ ನಮಗೆ ಸಿಕ್ಕವರು ಕ್ಲೌಸ್ ಶ್ವಾರ್ಟ್ಸ್.

1914ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಯುದ್ಧದ ವರ್ಷಗಳಲ್ಲೇ ಇಲಿಗಳ ಆಹಾರ ಮತ್ತು ಯಕೃತ್ತಿನ ರೋಗದ ಬಗ್ಗೆ ಕೆಲಸ ಮಾಡ್ತಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಂದರು. ಟೊರುಲಾ ಎಂಬ ಯೀಸ್ಟ್ ತಿಂದ ಇಲಿಗಳು ಕೆಲವೇ ವಾರಗಳಲ್ಲಿ ಯಕೃತ್ತು ಕೊಳೆತು ಸಾಯುತ್ತಿದ್ದವು. ಅಮೆರಿಕದ ಬಿಯರ್ ಯೀಸ್ಟ್ ತಿಂದವು ಬದುಕುತ್ತಿದ್ದವು. ಎರಡೂ ಯೀಸ್ಟೇ, ಹಾಗಾದ್ರೆ ವ್ಯತ್ಯಾಸ ಏನು? ಸಿಸ್ಟೀನ್ ಮತ್ತು ವಿಟಮಿನ್ ಇ ಕಾಪಾಡುತ್ತವೆ ಅನ್ನೋದು ಆಗಲೇ ಗೊತ್ತಿತ್ತು. ಇನ್ನೂ ಹೆಸರಿಲ್ಲದ್ದಕ್ಕೆ ಅವರು 1951ರಲ್ಲಿ ‘ಮೂರನೇ ಅಂಶ’ ಎಂದು ಹೆಸರಿಟ್ಟರು.

ಅದನ್ನು ಹಿಡಿಯಲು ಮತ್ತೆ ಆರು ವರ್ಷ ಬೇಕಾಯ್ತು. ಹಂದಿಯ ಮೂತ್ರಪಿಂಡದಿಂದ ಸಾರ ತೆಗೆದು ಶುದ್ಧ ಮಾಡ್ತಾ ಹೋದರು. ಲ್ಯಾಬಿಗೆ ಬಂದ ಒಬ್ಬರು ಬೆಳ್ಳುಳ್ಳಿ ವಾಸನೆ ಹಿಡಿದು ಸೆಲೆನಿಯಂ ಇರಬಹುದು ಅಂದರಂತೆ. ಈ ಕಥೆ ನಮಗೆ ಬಹಳ ಇಷ್ಟ ಆಯ್ತು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಅದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಸೆಲೆನಿಯಂ ಅಂದ್ರೆ ಡಕೋಟಾದ ದನಗಳ ಗೊರಸು ಉದುರಿಸೋ ವಿಷ, ಅಷ್ಟೇ. ವಿಷವೇ ಪೋಷಕಾಂಶ ಅಂದ್ರೆ ಯಾರು ನಂಬ್ತಾರೆ? ಆದ್ರೆ 1973ರಲ್ಲಿ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದೊಳಗೇ ಸೆಲೆನಿಯಂ ಸಿಕ್ಕಿತು. ಚೀನಾದ ಕೆಲವು ಕಡೆ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ. ಅಲ್ಲಿ ಮಕ್ಕಳ ಹೃದಯ ಕೆಡಿಸುತ್ತಿದ್ದ ರೋಗ ಸೆಲೆನಿಯಂ ಕೊಟ್ಟ ಮೇಲೆ ಬಹಳ ಇಳಿಯಿತು. ಆ ವರದಿ 1979ರದ್ದು. ಶ್ವಾರ್ಟ್ಸ್ 1978ರಲ್ಲೇ ತೀರಿಕೊಂಡಿದ್ದರು.

ಕ್ರೋಮಿಯಂ ಕಥೆ ಬೇರೆ. ಅದೇ ಟೊರುಲಾ ಇಲಿಗಳ ರಕ್ತದಲ್ಲಿ ಸಕ್ಕರೆ ಬೇಗ ಇಳೀತಿರಲಿಲ್ಲ. 1959ರಲ್ಲಿ ವಾಲ್ಟರ್ ಮರ್ಟ್ಸ್ ಜೊತೆ ಸೇರಿ, ಕೊರತೆ ಇರೋದು ಕ್ರೋಮಿಯಂದು ಎಂದರು. 1977ರಲ್ಲಿ ಟೊರಾಂಟೊದಲ್ಲಿ ವರ್ಷಗಟ್ಟಲೆ ನಾಳದ ಮೂಲಕವೇ ಆಹಾರ ಪಡೆದ ಒಬ್ಬ ರೋಗಿಗೆ ಕ್ರೋಮಿಯಂ ಕೊಟ್ಟಾಗ ಸಕ್ಕರೆ ಹತೋಟಿಗೆ ಬಂದಿದ್ದು ಅದಕ್ಕೆ ಬಲ ಕೊಟ್ಟಿತು. ಆದ್ರೆ ಇಲಿಗಳ ಆಹಾರದಲ್ಲಿ ಎಷ್ಟು ಕ್ರೋಮಿಯಂ ಇತ್ತು ಅಂತ ಆಗ ಅಳೆದೇ ಇರಲಿಲ್ಲ, ಕೊಟ್ಟ ಪ್ರಮಾಣವೂ ವಿಪರೀತ ಜಾಸ್ತಿ. 2014ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ಕ್ರೋಮಿಯಂ ಅತ್ಯವಶ್ಯ ಅನ್ನೋಕೆ ಸಾಕ್ಷ್ಯ ಸಾಲದು ಎಂದಿತು. ನಮ್ಮ ಪ್ರಕಾರ ಇದರಿಂದ ಶ್ವಾರ್ಟ್ಸ್ ಸಣ್ಣವರಾಗಲ್ಲ. ಮುಂದೆ ಅವರೇ ಗಾಳಿ ಸೋಸಿ ಒಳಬಿಡುವ, ಲೋಹವೇ ಇಲ್ಲದ ಪ್ಲಾಸ್ಟಿಕ್ ಗೂಡುಗಳಲ್ಲಿ ಇಲಿ ಸಾಕಿ ತವರ, ವನೇಡಿಯಂ, ಸಿಲಿಕಾನ್‌ಗಳನ್ನು ಪರೀಕ್ಷಿಸಿದರು.

ಇನ್ನು ನಮ್ಮ ಜಿಮ್ ಗೆಳೆಯ. ಅಮೆರಿಕದ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದ ಸೆಲೆನಿಯಂ 55 ಮೈಕ್ರೋಗ್ರಾಂ, ದಾಟಬಾರದ ಮಿತಿ 400. ಜೋಳದಲ್ಲಿ ಎಷ್ಟಿರುತ್ತೆ ಅನ್ನೋದು ಅದು ಬೆಳೆದ ಹೊಲದ ಮಣ್ಣಿನ ಮೇಲೆ. ಅವನು ದಿನಕ್ಕೆ ನುಂಗೋ ಮಾತ್ರೆಗಳ ಲೆಕ್ಕ ಕೂಡಿಸಿ ಕೊಟ್ಟಿದ್ದೀವಿ. ರಾತ್ರಿ ರೊಟ್ಟಿಗೆ ಮಾತ್ರ ತಪ್ಪದೆ ಬಂದು ಕೂತ.